ಹದಿಮೂರು ಟನ್ನಿನ ಬೆಣೆ

ಮಾವ: ನೇರವಾಗಿ ಹೇಳು. ಟ್ರ್ಯಾಕ್ಟರಿಗೆ ಲೋಡರ್ ಹೇಗೂ ಇದೆ. ಅದರ ಬಕೆಟ್ ಕಳಚಿ ಆ ಜಾಗಕ್ಕೆ ಸೌದೆ ಸೀಳುವ ಮಿಷನ್ ಸಿಕ್ಕಿಸಬಹುದೋ, ಇಲ್ಲವೋ?

ಅಳಿಯ: ಸಿಕ್ಕಿಸಬಹುದು ಮಾವ. ಸಿಕ್ಕಿಸಬೇಕೋ ಅನ್ನೋದನ್ನ ಆಮೇಲೆ ನೋಡೋಣ.

ಮಾವ: ಹೈಡ್ರಾಲಿಕ್ ಅಂಗಡಿ ಇಟ್ಟುಕೊಂಡವನು ಗಿರಾಕಿಗೆ ಹೇಳುವ ಮಾತೇನೋ ಇದು?

ಅಳಿಯ: ಗಿರಾಕಿ ಸೋದರಮಾವ ಆದ್ರೆ ಹೀಗೇ. ಬೇರೆಯವರಾದ್ರೆ ಮೊದಲು ಅಡ್ವಾನ್ಸು, ಆಮೇಲೆ ಮಾತು. ಅಷ್ಟೊಂದು ಸೌದೆ ಯಾಕೆ ಬೇಕಾಯ್ತು ಹೇಳಿ. ಅಡುಗೆಗೆ ಗ್ಯಾಸ್ ಇದೆ, ಬಚ್ಚಲಿಗೆ ಸೋಲಾರ್ ಇದೆ.

ಮಾವ: ಈ ಮಳೆ ಸೀಮೆಯಲ್ಲಿ ಸೋಲಾರ್ ನಂಬಿಕೊಂಡವನು ನಾಲ್ಕು ತಿಂಗಳು ತಣ್ಣೀರೇ ಮೀಯಬೇಕು. ಅದಿರಲಿ, ಅಡಿಕೆ ಬೇಯಿಸಬೇಕಲ್ಲ! ಕರಾವಳಿಯವರದ್ದು ಚಾಲಿ. ಹಣ್ಣಡಿಕೆಯನ್ನ ಅಂಗಳಕ್ಕೆ ಹರವಿದರು, ಮಿಕ್ಕಿದ್ದು ಬಿಸಿಲಿನ ಕೆಲಸ. ನಮ್ಮದು ಕೆಂಪಡಿಕೆ. ಹಸಿಗಾಯಿ ಸುಲಿದು, ಚೊಗರು ಹಾಕಿ ಹಂಡೆಯಲ್ಲಿ ಕುದಿಸದಿದ್ರೆ ರಾಶಿಯೂ ಇಲ್ಲ, ಬೆಟ್ಟೆಯೂ ಇಲ್ಲ. ಈ ಸಲ ಪಕ್ಕದ ಮೂರು ಮನೆಯ ತೋಟ ಖೇಣಿಗೆ ಬೇರೆ ಹಿಡಿದಿದ್ದೀನಿ. ಕೊಯ್ಲು ಶುರುವಾದ್ರೆ ಒಲೆ ಆರಿಸೋದೇ ಇಲ್ಲ. ಸುಲಿಯೋಕೆ ಮಿಷನ್ ಬಂತು, ಕೊನೆ ತೆಗೆಯೋಕೆ ಫೈಬರ್ ದೋಟಿ ಬಂತು, ಮರ ಕೊಯ್ಯೋಕೆ ಚೈನ್ ಸಾ ಬಂತು. ಸೌದೆ ಒಡೆಯುವವನ ಕೈಯಲ್ಲಿ ಮಾತ್ರ ಅದೇ ಕೊಡಲಿ. ಅವನೂ ಈಗ ಕರೆದರೆ ಬರೋದಿಲ್ಲ.

ಅಳಿಯ: ತುಂಡುಗಳು ಎಷ್ಟು ದಪ್ಪ?

ಮಾವ: ಹೆಚ್ಚಿನದ್ದು ಅಕೇಶಿಯಾ. ಮುಕ್ಕಾಲು ಅಡಿ, ಒಂದಡಿ ದಪ್ಪ. ಹೋದ ಮಳೆಗಾಲದ ಗಾಳಿಗೆ ಬಿದ್ದ ಮತ್ತಿ ಎರಡಿವೆ, ನೇರಳೆ ಒಂದು. ಇಲಾಖೆಯ ಕಾಗದಪತ್ರ ಎಲ್ಲ ಆಗಿದೆ, ಅದನ್ನ ಕೇಳಬೇಡ. ಅವುಗಳ ಬುಡದ ತುಂಡು ಎರಡಡಿ ದಪ್ಪ. ಇಬ್ಬರು ಸೇರಿದರೂ ಉರುಳಿಸೋದಷ್ಟೇ, ಎತ್ತೋದು ಆಗದ ಮಾತು.

ಅಳಿಯ: ಎರಡಡಿ ದಪ್ಪ, ಒಂದೂವರೆ ಅಡಿ ಉದ್ದದ ಹಸಿ ಮತ್ತಿ ಅಂದ್ರೆ ಒಂದೂವರೆ ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ಲೋಡರಿಗೆ ಹಾಕುವ ಸ್ಪ್ಲಿಟರಿನ ಉಪಯೋಗ ಇರೋದೇ ಅಂಥ ತುಂಡಿಗೆ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಕಬ್ಬಿಣದ ತೊಲೆ ಕೆಳಗೆ, ಅದರ ಮೇಲೆ ತುಂಡು ಮಲಗಿಸಬೇಕು. ಲೋಡರನ್ನ ಸೊಂಟದೆತ್ತರಕ್ಕೆ ನಿಲ್ಲಿಸಿಕೊಂಡು ಕೆಲಸ ಮಾಡಬಹುದು ಅನ್ನೋದಷ್ಟೇ ಲಾಭ, ತುಂಡನ್ನ ಎತ್ತಿ ಇಡುವವನು ಮನುಷ್ಯನೇ. ಇನ್ನೊಂದು ತಲೆಕೆಳಗಾದದ್ದು. ತೊಲೆ ಮೇಲೆ, ಬೆಣೆ ಮತ್ತು ಎದುರಿನ ತಟ್ಟೆ ಕೆಳಮುಖವಾಗಿ ಇಳಿದಿರ್ತವೆ. ನೆಲದಲ್ಲಿ ಬಿದ್ದ ತುಂಡಿನ ಮೇಲೆ ಅದನ್ನ ಇಳಿಸಿದ್ರೆ ಸಾಕು. ಕೂತಲ್ಲಿಂದಲೇ ಲಿವರ್ ಒತ್ತಿದಿರಿ, ತುಂಡನ್ನ ಕಚ್ಚಿಕೊಂಡಿತು, ಸೀಳಿತು. ಕಚ್ಚಿದ್ದನ್ನ ಹಾಗೇ ಎತ್ತಿ ಬೇರೆ ಕಡೆ ಹಾಕಲೂ ಬಹುದು.

ಮಾವ: ಅದೇ, ಅದೇ! ವಿಡಿಯೋದಲ್ಲಿ ನೋಡಿದ್ದು ಅದನ್ನೇ. ಮುದುಕನೊಬ್ಬ ಸೀಟಿನಿಂದ ಇಳಿಯದೆ ಒಂದು ಗುಡ್ಡೆ ಸೌದೆ ಸೀಳಿ ಹಾಕಿದ.

ಅಳಿಯ: ಆ ಮುದುಕನ ಊರಲ್ಲಿ ಚಳಿಗಾಲ ಪೂರ್ತಿ ಮನೆ ಬೆಚ್ಚಗಿಡೋದು ಸೌದೆಯಿಂದ. ಮೇಪಲ್, ಓಕ್ ತರದ ಮರ. ಹೆಪ್ಪುಗಟ್ಟಿದ ತುಂಡು ಇನ್ನೂ ಸಲೀಸಾಗಿ ಸೀಳ್ತದೆ. ನಿಮ್ಮ ನೇರಳೆ ಹಾಗೆ ಬಾಯಿ ಬಿಡ್ತದಾ?

ಮಾವ: ನೇರಳೆ ಮಾತೇ ಬೇರೆ. ಅದರ ಎಳೆ ಒಂದು ಪದರ ಬಲಕ್ಕೆ, ಇನ್ನೊಂದು ಎಡಕ್ಕೆ ಹೆಣೆದುಕೊಂಡಿರ್ತದೆ. ಬೆಣೆ ಇಳಿದರೂ ಎರಡು ಹೋಳಿನ ನಡುವೆ ನಾರು ಹಿಡಿದು ನಿಲ್ತದೆ. ಗಾಳಿಮರ ಹಾಗಲ್ಲ, ಏಟು ಬಿದ್ದಲ್ಲೇ ಎರಡು. ನೀಲಗಿರಿಯನ್ನ ಹಸಿ ಇದ್ದಾಗಲೇ ಒಡೆಯಬೇಕು, ಒಣಗಿತೋ ಕೊಡಲಿಯ ಕಾವೇ ಮುರಿಯೋದು. ಇದನ್ನೆಲ್ಲ ನಿನ್ನ ಮಿಷನ್ ಎಲ್ಲಿ ನೋಡ್ತದೆ?

ಅಳಿಯ: ನೋಡೋದಿಲ್ಲ, ನೂಕ್ತದೆ. ಅದರ ಲೆಕ್ಕ ಅಷ್ಟೇ. ಸಿಲಿಂಡರಿನ ಒಳವ್ಯಾಸ 100 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಪಿಸ್ಟನ್ ಮುಖದ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 170 ಕಿಲೋ ಇದ್ರೆ ಎರಡನ್ನೂ ಗುಣಿಸಿ.

ಮಾವ: ಹದಿಮೂರು ಸಾವಿರ ಚಿಲ್ಲರೆ.

ಅಳಿಯ: 13 ಟನ್. ಇದು ಹೊಸ ವಿದ್ಯೆಯೇನಲ್ಲ. ಲಂಡನ್ನಿನಲ್ಲಿ ಬೀಗ ಮಾಡುತ್ತಿದ್ದ ಜೋಸೆಫ್ ಬ್ರಾಮಾ 1795ರಲ್ಲೇ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ತಗೊಂಡಿದ್ದ. ತತ್ವ ಅದಕ್ಕೂ ಹಿಂದಿನದು, ಪಾಸ್ಕಲ್‌ನದು. ಬ್ರಾಮಾನಿಗೆ ಕಾಟ ಕೊಟ್ಟದ್ದು ಲೆಕ್ಕ ಅಲ್ಲ, ಪಿಸ್ಟನ್ ಸುತ್ತ ಸೋರಿಕೆ. ಒತ್ತಡ ಹೆಚ್ಚಾದಷ್ಟೂ ತಾನೇ ಬಿಗಿಯಾಗುವ ಚರ್ಮದ ಸೀಲನ್ನ ಅವನ ಕೈಕೆಳಗಿದ್ದ ಹೆನ್ರಿ ಮಾಡ್ಸ್‌ಲೇ ಮಾಡಿಕೊಟ್ಟ ಅಂತ ಹೇಳ್ತಾರೆ. ಇವತ್ತಿಗೂ ನನ್ನ ಅಂಗಡಿ ನಡೀತಿರೋದು ಆ ಸೀಲಿನ ಮೇಲೆಯೇ, ಚರ್ಮದ ಬದಲು ರಬ್ಬರ್ ಬಂದಿದೆ.

ಮಾವ: ಹದಿಮೂರು ಟನ್ ನಮಗೆ ಸಾಕಾ? ಇಪ್ಪತ್ತು, ಇಪ್ಪತ್ತೈದು ಟನ್ನಿನದೂ ಬರ್ತದಂತೆ. ದೊಡ್ಡದೇ ಹಾಕಿಸೋಣ ಅಂತ ನನ್ನ ಲೆಕ್ಕ.

ಅಳಿಯ: ಎಲ್ಲರೂ ಎಡವೋದು ಇಲ್ಲೇ. ಟನ್ ಬೇಕಾದಷ್ಟು ಸಿಗ್ತದೆ ಮಾವ, ಸಿಲಿಂಡರ್ ದಪ್ಪ ಮಾಡಿದ್ರೆ ಆಯ್ತು. ಸಿಗದೇ ಇರೋದು ಎಣ್ಣೆಯ ಹರಿವು. ಒತ್ತಡ ಎತ್ತಿನ ಬಲ, ಹರಿವು ಅದರ ನಡಿಗೆ. ನಿಮ್ಮ ಟ್ರ್ಯಾಕ್ಟರ್ 45 ಎಚ್‌ಪಿ. ಆದ್ರೆ ಅದರ ಹೈಡ್ರಾಲಿಕ್ ಪಂಪ್ ನಿಮಿಷಕ್ಕೆ 20 ಲೀಟರ್ ಎಣ್ಣೆ ಕೊಡೋದಾದ್ರೆ, ಆ ಒತ್ತಡದಲ್ಲಿ ಮರಕ್ಕೆ ಮುಟ್ಟೋದು ಏಳೂವರೆ ಎಚ್‌ಪಿ. ಉಳಿದ ಎಂಜಿನ್ ಸುಮ್ಮನೆ ತಿರುಗ್ತಾ ಇರ್ತದೆ.

ಮಾವ: ಏಳೂವರೆ? ಪಂಪ್‌ಸೆಟ್ಟಿನ ಮೋಟಾರಿನಷ್ಟು?

ಅಳಿಯ: ಅಷ್ಟೇ. ಈಗ ನಡಿಗೆಯ ಲೆಕ್ಕ ನೋಡಿ. 100 ಮಿಲಿಮೀಟರ್ ಸಿಲಿಂಡರ್ 60 ಸೆಂಟಿಮೀಟರ್ ಮುಂದೆ ಹೋಗೋಕೆ 4.7 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 20 ಲೀಟರಿನ ಪಂಪಿಗೆ ಅದು 14 ಸೆಕೆಂಡಿನ ಕೆಲಸ. ವಾಪಸು ಬರುವಾಗ ಒಳಗಿನ ರಾಡು ಜಾಗ ತಿನ್ನುವುದರಿಂದ ಎಣ್ಣೆ ಕಡಿಮೆ ಸಾಕು. 50 ಮಿಲಿಮೀಟರ್ ರಾಡಾದ್ರೆ ಹತ್ತು ಹನ್ನೊಂದು ಸೆಕೆಂಡ್. ಹೋಗಿ ಬರೋಕೆ 25 ಸೆಕೆಂಡ್. ನೀವು ಹೇಳಿದ ದೊಡ್ಡದು, 125 ಮಿಲಿಮೀಟರಿನದು ಹಾಕಿದ್ರೆ ಬಲ 20 ಟನ್ ದಾಟ್ತದೆ, ಆದ್ರೆ ಮುಂದೆ ಹೋಗೋದಕ್ಕೇ 22 ಸೆಕೆಂಡ್. ನಿಮ್ಮ ಅಕೇಶಿಯಾ ತುಂಡಿಗೆ ಐದಾರು ಟನ್ನೂ ಬೇಡ. ಬೆಣೆ ಸಾವಕಾಶ ಬರೋದನ್ನ ನೋಡ್ತಾ ಆಳಿಗೆ ನಿದ್ದೆ ಹತ್ತಬೇಕು.

ಮಾವ: ನಮ್ಮ ಸೌದೆ ಒಡೆಯುವವನು 25 ಸೆಕೆಂಡಿನಲ್ಲಿ ಸಲೀಸು ಮರವಾದ್ರೆ ಮೂರು ತುಂಡು ಮುಗಿಸ್ತಿದ್ದ.

ಅಳಿಯ: ಬೆಳಿಗ್ಗೆ. ಮಧ್ಯಾಹ್ನ ಊಟ ಆದ ಮೇಲೆ?

ಮಾವ: ಸರಿ, ಮಧ್ಯಾಹ್ನದ ಮಾತು ಬೇಡ. ಹಾಗಾದ್ರೆ ಏಳು ಎಚ್‌ಪಿ ಎಂಜಿನ್ ಇರುವ ಆ ಸಣ್ಣ ಸ್ಪ್ಲಿಟರುಗಳು ಅಷ್ಟು ಚುರುಕಾಗಿ ಓಡ್ತಾವಲ್ಲ, ಅದು ಹೇಗೆ?

ಅಳಿಯ: ಅದರ ಪಂಪ್ ಎರಡು ಹಂತದ್ದು. ಬೆಣೆ ಗಾಳಿಯಲ್ಲಿ ಸಾಗುವಾಗ ಬಲ ಬೇಡವಲ್ಲ, ಆಗ ದೊಡ್ಡ ಗೇರೂ ಸಣ್ಣ ಗೇರೂ ಸೇರಿ ನಿಮಿಷಕ್ಕೆ 40 ಲೀಟರ್ ನೂಕ್ತವೆ. ಮರ ತಾಗಿ ಒತ್ತಡ ಏರಿದ ಕೂಡಲೇ ದೊಡ್ಡ ಗೇರಿನ ಎಣ್ಣೆ ಪಕ್ಕಕ್ಕೆ ಸರೀತದೆ, ಸಣ್ಣದೊಂದೇ ಹತ್ತು ಲೀಟರಿನಲ್ಲಿ ಪೂರ್ತಿ ಬಲ ಹಾಕ್ತದೆ. ಟ್ರ್ಯಾಕ್ಟರಿನ ಪಂಪಿಗೆ ಈ ಬುದ್ಧಿ ಇಲ್ಲ, ಗಾಳಿಗೂ ಅಷ್ಟೇ ಎಣ್ಣೆ, ಮರಕ್ಕೂ ಅಷ್ಟೇ. ಹೊಸ ಟ್ರ್ಯಾಕ್ಟರುಗಳ ಪಂಪ್ ಹೆಚ್ಚು ಕೊಡ್ತದೆ, ಅವರಿಗೆ ತೊಂದರೆ ಕಡಿಮೆ. ಮೊದಲು ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಪಂಪಿನ ಲೀಟರ್ ನೋಡಿ, ಆಮೇಲೆ ಸಿಲಿಂಡರ್ ಮಾತಾಡೋಣ.

ಮಾವ: ಲೋಡರಿನ ಬಕೆಟ್ ಮಗುಚುವ ಪೈಪು ಎರಡಿದೆಯಲ್ಲ, ಅದನ್ನೇ ಕಳಚಿ ಸ್ಪ್ಲಿಟರಿಗೆ ಕೊಟ್ಟರೆ ಮುಗೀತಲ್ಲ?

ಅಳಿಯ: ಕೊಟ್ಟರೆ ಓಡ್ತದೆ. ಆದ್ರೆ ಆಮೇಲೆ ಸ್ಪ್ಲಿಟರನ್ನ ಹಿಂದೆ ಮುಂದೆ ಬಗ್ಗಿಸೋದು ಹೇಗೆ? ನೆಲ ಓರೆ ಇದ್ದಲ್ಲಿ ತುಂಡಿಗೆ ಸರಿಯಾಗಿ ಕೂರೋದಿಲ್ಲ. ಅದಕ್ಕೆ ನಡುವೆ ಒಂದು ಡೈವರ್ಟರ್ ವಾಲ್ವ್ ಹಾಕ್ತಾರೆ. ಲಿವರಿನ ಮೇಲಿನ ಸ್ವಿಚ್ ಒತ್ತಿದ್ರೆ ಎಣ್ಣೆ ಸ್ಪ್ಲಿಟರಿಗೆ, ಬಿಟ್ರೆ ಬಕೆಟ್ಟಿನ ಸಿಲಿಂಡರಿಗೆ. ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಮಾರುವವರು ಹೇಳೋದಿಲ್ಲ. ಬಕೆಟ್ ಬೇಗ ಸುರೀಲಿ ಅಂತ ಕೆಲವು ಲೋಡರುಗಳಲ್ಲಿ ಲಿವರನ್ನ ಆ ಕಡೆಯ ಕೊನೆವರೆಗೂ ತಳ್ಳಿದಾಗ, ಸಿಲಿಂಡರಿನಿಂದ ವಾಪಸು ಬರುವ ಎಣ್ಣೆಯನ್ನೇ ತಿರುಗಿ ಒಳಗೆ ಬಿಡುವ ಏರ್ಪಾಡಿರ್ತದೆ. ಸ್ಪ್ಲಿಟರಿಗೆ ಆ ಸ್ಥಾನ ಸಿಕ್ಕಿದ್ರೆ ಬೆಣೆ ಓಡೋಡಿ ಬರ್ತದೆ, ಬಲ ಮಾತ್ರ 13 ಟನ್ ಇದ್ದದ್ದು 3 ಟನ್ ಚಿಲ್ಲರೆಗೆ ಇಳೀತದೆ. ಮಿಷನ್ನೇ ಸರಿ ಇಲ್ಲ ಅಂತ ಹೊತ್ತು ತರ್ತಾರೆ. ಪೈಪು ಅದಲು ಬದಲು ಮಾಡಿದ್ರೆ ಸರಿಹೋಗುವ ರೋಗ.

ಮಾವ: ಬಿಲ್ ಎಷ್ಟು ಹಾಕ್ತೀಯ ಅದಕ್ಕೆ?

ಅಳಿಯ: ಅದು ಅಂಗಡಿ ಗುಟ್ಟು. ಆದ್ರೆ ಪೈಪಿನ ವಿಷಯ ಬಂತಲ್ಲ, ಅದಕ್ಕೆ ಹೇಳ್ತೀನಿ. ವಾಪಸು ಬರುವ ಪೈಪನ್ನ ಸಣ್ಣದು ಹಾಕಬೇಡಿ. ಬೆಣೆ ಹಿಂದೆ ಸರಿಯುವಾಗ ಒಳಗೆ 20 ಲೀಟರ್ ಹೋದ್ರೆ ಹೊರಗೆ 26, 27 ಲೀಟರ್ ಬರ್ತದೆ. ದಾರಿ ಇಕ್ಕಟ್ಟಾದ್ರೆ ಎಣ್ಣೆ ಕಾಯ್ತದೆ. ತುಂಡು ಸೀಳದೆ ನಿಂತಾಗ ಲಿವರ್ ಒತ್ತಿಯೇ ಹಿಡಿದರೂ ಅದೇ ಗತಿ. ರಿಲೀಫ್ ವಾಲ್ವ್ ಕಿರುಗುಟ್ತದೆ, ಬಲವೆಲ್ಲ ಬಿಸಿಯಾಗಿ ಎಣ್ಣೆಗೆ ಸೇರ್ತದೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ. ಕ್ವಿಕ್ ಕಪ್ಲರಿನ ಬಾಯಿಗೆ ಅಂಟಿದ ಮಣ್ಣು, ಮರದ ಪುಡಿ ಒರೆಸದೆ ಸಿಕ್ಕಿಸಿದ್ರೆ ಆ ಕಸ ಗೇರ್ ಬಾಕ್ಸಿನವರೆಗೂ ಪ್ರಯಾಣ ಮಾಡ್ತದೆ.

ಮಾವ: ಅಂದ್ರೆ ಗಂಟು ಬಂದರೆ ಒತ್ತಬಾರದು.

ಅಳಿಯ: ನೀವು ಕೊಡಲಿಯಲ್ಲಿ ಏನು ಮಾಡ್ತಿದ್ರಿ?

ಮಾವ: ತುಂಡಿನ ಮುಖ ನೋಡ್ತಿದ್ದೆ. ಒಣಗುವಾಗ ಬಿಟ್ಟ ಬಿರುಕು ಎತ್ತ ಹೋಗಿದೆ, ಗಂಟು ಯಾವ ಬದಿಗಿದೆ ಅಂತ. ದಪ್ಪ ತುಂಡಿಗೆ ಯಾರೂ ನಡುವಿಗೆ ಹೊಡೆಯೋದಿಲ್ಲ. ಅಂಚಿನಿಂದ ಒಂದೊಂದೇ ಹೋಳು ಎಬ್ಬಿಸುತ್ತಾ ಸುತ್ತು ಬರಬೇಕು. ಕಡೆಗೆ ತಿರುಳು ಉಳೀತದೆ, ಅದು ಸಣ್ಣದು. ಗಂಟು ಇರುವ ಕಡೆಯನ್ನ ಕೊನೆಗೆ ಇಟ್ಟುಕೊಳ್ಳೋದು. ಕವೆ ಬಂದಲ್ಲಿ ಸೀಳೋದಕ್ಕೇ ಹೋಗೋದಿಲ್ಲ, ಅದನ್ನ ಇಡಿಯಾಗಿ ಒಲೆಯ ಬಾಯಿಗೆ.

ಅಳಿಯ: ಮಿಷನ್ನಿಗೂ ಇದೇ ಪಾಠ. ನಾಲ್ಕು ಮುಖದ ಬೆಣೆ ಹಾಕಿದ್ರೆ ಒಂದೇ ಸಲಕ್ಕೆ ನಾಲ್ಕು ಹೋಳು ಬರ್ತದೆ ಅಂತ ಆಸೆ ಹುಟ್ತದೆ. ಗಾಳಿಮರಕ್ಕೆ ಅದು ಸರಿ, ನೇರಳೆಗೆ ಅದನ್ನ ಕಟ್ಟಿದ್ರೆ ಅರ್ಧದಲ್ಲಿ ಕಚ್ಚಿಕೊಂಡು ಕೂರ್ತದೆ. ತುಂಡಿನ ತುದಿಯನ್ನ ಓರೆಯಾಗಿ ಕೊಯ್ದಿದ್ರೆ ತಟ್ಟೆಯ ಮೇಲೆ ಸರಿಯಾಗಿ ಕೂರದೆ ಜಾರ್ತದೆ. ಹನ್ನೆರಡು ಹದಿಮೂರು ಟನ್ ಹಿಡಿದಿಟ್ಟುಕೊಂಡ ತುಂಡು ಜಾರಿದ್ರೆ ಅದು ಬಿಲ್ಲಿನಿಂದ ಬಿಟ್ಟ ಹಾಗೆ, ಎತ್ತ ಹಾರ್ತದೆ ಅಂತ ಹೇಳೋಕಾಗೋದಿಲ್ಲ. ತುಂಡನ್ನ ಅಡ್ಡ ಇಟ್ಟು ಎಳೆಗಳನ್ನೇ ಕತ್ತರಿಸೋಕೆ ಹೋಗೋದಂತೂ ಬೇಡವೇ ಬೇಡ. ಚೈನ್ ಸಾ ಹಿಡಿಯುವವನಿಗೆ ಮೊದಲೇ ಹೇಳಿ, ನೇರ ಕೊಯ್ಯಲಿ.

ಮಾವ: ಕೈಗೆ ಪೆಟ್ಟಾಗುವ ಸಂಭವ ಕೊಡಲಿಗಿಂತ ಹೆಚ್ಚೋ ಕಡಿಮೆಯೋ?

ಅಳಿಯ: ಕೊಡಲಿ ಹೊಡೆಯುವವನು ತನ್ನ ಕಾಲಿಗೆ ತಾನೇ ಹೊಡೆದುಕೊಳ್ತಾನೆ. ಇಲ್ಲಿ ಒಬ್ಬ ಲಿವರ್ ಒತ್ತೋದು, ಇನ್ನೊಬ್ಬನ ಬೆರಳು ಹೋಗೋದು. ಕೆಲಸ ಬೇಗ ಆಗಲಿ ಅಂತ ಒಬ್ಬ ತುಂಡು ಇಡ್ತಾನೆ, ಮತ್ತೊಬ್ಬ ಲಿವರಿನಲ್ಲಿ ನಿಲ್ತಾನೆ. ನಾಲ್ಕು ತುಂಡು ಒಂದೇ ಲಯದಲ್ಲಿ ಹೋಗ್ತದೆ, ಐದನೆಯದನ್ನ ಇಟ್ಟವನು ಸರಿಮಾಡೋಕೆ ಅಂತ ಮತ್ತೆ ಕೈ ಹಾಕ್ತಾನೆ, ಲಿವರಿನವನು ಲಯಕ್ಕೆ ಒತ್ತಿಬಿಡ್ತಾನೆ. ಲೋಡರಿನಲ್ಲಿ ಇದು ಇನ್ನೂ ಕೆಟ್ಟದ್ದು. ಲಿವರ್ ಇರೋದು ಸೀಟಿನ ಹತ್ತಿರ, ಬೆಣೆ ಇರೋದು ಬಾನೆಟ್ಟಿನ ಆಚೆ. ಬೆರಳು ಎಲ್ಲಿದೆ ಅಂತ ಕೂತವನಿಗೆ ಕಾಣೋದೇ ಇಲ್ಲ. ನಾನು ಕೈಮುಗಿದು ಹೇಳುವ ನಿಯಮ ಒಂದೇ: ತುಂಡು ಮುಟ್ಟುವವನೇ ಲಿವರ್ ಮುಟ್ಟಬೇಕು. ತಲೆಕೆಳಗಾದ ಸ್ಪ್ಲಿಟರ್ ಆದ್ರೆ ಸೀಟಿನವನೊಬ್ಬನೇ ಇರಬೇಕು, ಹತ್ತು ಹೆಜ್ಜೆಯ ಒಳಗೆ ಇನ್ನೊಬ್ಬ ಇರಬಾರದು. ತೊಲೆ ಕೆಳಗಿರುವ ಜಾತಿಯಾದ್ರೆ ವಾಲ್ವನ್ನ ಸ್ಪ್ಲಿಟರಿನ ಮೈಮೇಲೇ ಕೂರಿಸಿ, ಟ್ರ್ಯಾಕ್ಟರಿನ ಸೀಟು ಖಾಲಿ ಇರಲಿ.

ಮಾವ: ಸೊಂಟದೆತ್ತರಕ್ಕೆ ಎತ್ತಿ ನಿಲ್ಲಿಸಿದ ಲೋಡರಿನ ಕೆಳಗೆ ಕಾಲಿಡೋದಾ ಹಾಗಾದ್ರೆ?

ಅಳಿಯ: ಸರಿಯಾದ ಕಡೆಗೆ ಕೈ ಇಟ್ರಿ. ಲೋಡರಿನ ತೋಳನ್ನ ಹಿಡಿದಿರೋದು ಸಿಲಿಂಡರಿನ ಒಳಗಿನ ಎಣ್ಣೆ, ಬೇರೇನಲ್ಲ. ಒಂದು ಪೈಪು ಒಡೆದರೆ ಅಥವಾ ಆಟವಾಡುವ ಮಗು ಲಿವರ್ ಎಳೆದರೆ, ಇನ್ನೂರು ಕಿಲೋದ ಕಬ್ಬಿಣವೂ ಅದರ ಮೇಲಿನ ಮರವೂ ಒಟ್ಟಿಗೆ ಕೆಳಗೆ. ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ತೂಕ ಅದರ ಮೇಲೆ ಕೂತ ಮೇಲೆಯೇ ಕೆಲಸ. ಹಿಂದಿನ ಕೊಂಡಿಗೆ ಭಾರ ಕಟ್ಟದೆ ಮುಂದೆ ಇಷ್ಟು ತೂಕ ಎತ್ತಿದ್ರೆ ಹಿಂದಿನ ಚಕ್ರ ಹಗುರಾಗ್ತದೆ. ನಿಮ್ಮ ಬೆಟ್ಟದ ಇಳಿಜಾರಿನಲ್ಲಿ ಹಗುರಾದ ಹಿಂದಿನ ಚಕ್ರ ಅಂದ್ರೆ ಬ್ರೇಕೂ ಹಗುರಾಯ್ತು.

ಮಾವ: ಎಣ್ಣೆ ಪೈಪಿನಿಂದ ಜಿನುಗಿದ್ರೆ ಬಟ್ಟೆ ಸುತ್ತಿ ಕೈಯಲ್ಲಿ ಒತ್ತಿ ಹಿಡಿಯೋದು ನಮ್ಮವರ ರೂಢಿ.

ಅಳಿಯ: ದಯವಿಟ್ಟು ಬೇಡ. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಹಾರುವ ಎಣ್ಣೆ ಕಣ್ಣಿಗೆ ಕಾಣೋದಿಲ್ಲ, ಚರ್ಮವನ್ನ ತೂರಿ ಒಳಗೆ ಹೋಗ್ತದೆ. ಹೊರಗೆ ಕಾಣೋದು ಮುಳ್ಳು ಚುಚ್ಚಿದಷ್ಟು ಗುರುತು, ಮೊದಲು ನೋವೂ ಅಷ್ಟಾಗಿ ಇರೋದಿಲ್ಲ. ಅರಿಶಿನ ಹಚ್ಚಿ ಮಲಗಿದವನು ಮರುದಿನ ಕೈಯನ್ನೇ ಕಳಕೊಳ್ಳಬಹುದು. ಕೂಡಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಬೇಕು, ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕೋಕೆ ರಟ್ಟಿನ ತುಂಡು ಹಿಡೀರಿ. ಬಿಚ್ಚೋ ಮುಂಚೆ ಎಂಜಿನ್ ಆರಿಸಿ, ಲಿವರನ್ನ ಆಚೆ ಈಚೆ ಆಡಿಸಿ ಒತ್ತಡ ಇಳಿಸಿ.

ಮಾವ: ಅದೆಲ್ಲ ಬೇಡ ಅಂತ ಸಂತೆಯಲ್ಲಿ ಇನ್ನೊಬ್ಬ ಹೇಳಿದ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಓ ದಂಡಕ್ಕೆ ಸಿಕ್ಕಿಸುವ ತಿರುಪಿನ ಕೋನ್ ಇದೆಯಂತೆ, ತಿರುಗ್ತಾ ಇರ್ತದೆ, ಮರ ತಾಗಿಸಿದ್ರೆ ಕೊರೆದು ಸೀಳ್ತದೆ. ಅಗ್ಗ ಬೇರೆ.

ಅಳಿಯ: ಪಂಚೆ ಉಟ್ಟು ಅದರ ಹತ್ತಿರ ನಿಲ್ಲಬೇಡಿ. ಲಿವರ್ ಬಿಟ್ಟರೆ ಸಿಲಿಂಡರ್ ನಿಲ್ತದೆ, ಕೋನ್ ನಿಲ್ಲೋದಿಲ್ಲ. ಆ ಮಾತು ಇಲ್ಲಿಗೇ ಬಿಡಿ.

ಮಾವ: ಬಿಟ್ಟೆ. ಆದ್ರೆ ನೀನು ಮರೆತ ಒಂದು ಲೆಕ್ಕ ನಾನು ಹೇಳ್ತೀನಿ. ಅಡಿಕೆ ಒಲೆಗೆ ಸೀಳಿದ ಸೌದೆ ಯಾಕೆ ಬೇಕು? ಇಡೀ ದಿಮ್ಮಿ ತುರುಕಿದ್ರೂ ಉರೀತದೆ. ತೊಗಟೆ ಹೊದ್ದ ದಿಮ್ಮಿಯ ಒಳಗಿನ ನೀರು ಆರೋದಿಲ್ಲ, ಅದೇ ಕಾರಣ. ಫೆಬ್ರವರಿಯಲ್ಲಿ ಸೀಳಿ ಒಟ್ಟಿದ್ರೆ ಮೇ ಹೊತ್ತಿಗೆ ಗಣಗಣ ಅಂತದೆ. ಜೂನ್ ಮಳೆಗೆ ಮುಂಚೆ ಮಾಡಿನಡಿಗೆ ಸೇರಬೇಕು. ಸೀಳದೆ ಬಿಟ್ಟದ್ದು ದೀಪಾವಳಿ ಹೊತ್ತಿಗೂ ಹಸಿ. ಹಂಡೆ ಕುದಿಯೋದಿಲ್ಲ, ಬೇಯಿಸುವ ಮನೆ ತುಂಬ ಹೊಗೆ, ಹೆಂಗಸರ ಕಣ್ಣು ಕೆಂಪು.

ಅಳಿಯ: ನೂರು ಕಿಲೋ ಹಸಿ ಸೌದೆಯಲ್ಲಿ 45 ಕಿಲೋ ನೀರೇ ಇದ್ರೂ, ಆ ನೀರನ್ನ ಆವಿ ಮಾಡೋಕೆ ಹೋಗೋದು ಒಟ್ಟು ಶಾಖದ ಹತ್ತರಲ್ಲೊಂದು ಪಾಲು ಅಷ್ಟೇ. ನಿಜವಾದ ನಷ್ಟ ನೀವು ಹೇಳಿದ ಹೊಗೆಯದು. ಬೆಂಕಿ ತಣ್ಣಗಿದ್ದು ಉರಿಯಬೇಕಾದದ್ದು ಉರಿಯದೆ ಹೊಗೆಯಾಗಿ ಹೋಗ್ತದೆ. ಹಾಗಾಗಿ ಮಿಷನ್ ಯಾವುದೇ ಇರಲಿ, ಸೀಳುವ ತಿಂಗಳು ಮುಖ್ಯ. ಈಗ ನೀವೇ ಹೇಳಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಲೋಡರ್ ಖಾಲಿ ಇರ್ತದಾ?

ಮಾವ: ಖಾಲಿ ಎಲ್ಲಿ? ಗೊಬ್ಬರ ತುಂಬೋದು, ತೋಟಕ್ಕೆ ಮಣ್ಣು ಹೊಡೆಯೋದು, ಬಸಿಗಾಲುವೆ ತೆಗೆದ ಮಣ್ಣು ಸಾಗಿಸೋದು, ಎಲ್ಲ ಆಗಲೇ. ಊರವರೂ ಬಾಡಿಗೆಗೆ ಕೇಳ್ತಾರೆ.

ಅಳಿಯ: ಪ್ರತಿ ಸಲ ಬಕೆಟ್ ಪಿನ್ನನ್ನ ಸುತ್ತಿಗೆಯಲ್ಲಿ ಬಡಿದು ಕಳಚಬೇಕು. ನಿಮ್ಮ ಲೋಡರಿಗೆ ಬೇಗ ಬದಲಿಸುವ ಪ್ಲೇಟ್ ಇಲ್ಲ. ಮೂರು ದಿನ ಕಳೆದ ಮೇಲೆ ಸ್ಪ್ಲಿಟರ್ ಹಲಸಿನ ಮರದ ಬುಡದಲ್ಲಿ ತುಕ್ಕು ಹಿಡೀತಾ ಕೂರ್ತದೆ. ನಿಮ್ಮ ಸೌದೆಯಲ್ಲಿ ಮುಕ್ಕಾಲು ಪಾಲು ಒಬ್ಬನೇ ಎತ್ತಿ ಇಡಬಹುದಾದ ಅಕೇಶಿಯಾ. ಅದನ್ನ ಹೇಗೂ ಟ್ರೇಲರಿನಲ್ಲಿ ಸೌದೆಮನೆಗೆ ತರ್ತೀರಿ. ಹಾಗಿದ್ದಮೇಲೆ ಪಿಟಿಓದಲ್ಲಿ ಓಡುವ, ತನ್ನದೇ ಪಂಪು, ತನ್ನದೇ ಎಣ್ಣೆ ಟ್ಯಾಂಕು ಇರುವ ಸ್ಪ್ಲಿಟರನ್ನ ಅಲ್ಲೇ ನಿಲ್ಲಿಸಿ. ಟ್ರ್ಯಾಕ್ಟರಿನ ಗೇರ್ ಬಾಕ್ಸ್ ಎಣ್ಣೆಗೆ ಕಸದ ಭಯ ಇಲ್ಲ, ಬೇಕಾದಷ್ಟು ಹರಿವಿನ ಪಂಪ್ ಆರಿಸಬಹುದು, ಲಿವರ್ ಬೆಣೆಯ ಪಕ್ಕದಲ್ಲೇ.

ಮಾವ: ಮತ್ತಿ, ನೇರಳೆ?

ಅಳಿಯ: ಮೂರು ಮರಕ್ಕಾಗಿ ಲೋಡರಿಗೆ ಹೊಸ ತಲೆ ಕಟ್ಟೋದಾ? ಬುಡದ ತುಂಡುಗಳನ್ನ ಚೈನ್ ಸಾದಲ್ಲಿ ಉದ್ದಕ್ಕೇ ಕೊಯ್ದು ನಾಲ್ಕು ಮಾಡಿಸಿ, ಆಮೇಲೆ ಸ್ಪ್ಲಿಟರಿಗೆ. ಕಾಫಿ ತೋಟದಲ್ಲಿ ಸಾಲು ಸಾಲು ಸಿಲ್ವರ್ ಓಕ್ ತೆಗೆಸುವವನಿಗೆ, ವರ್ಷವೂ ದಪ್ಪ ಮರ ಬಿದ್ದಲ್ಲೇ ಸೀಳಬೇಕಾದವನಿಗೆ, ಪಂಪಿನ ಹರಿವು ಚೆನ್ನಾಗಿರುವ ಟ್ರ್ಯಾಕ್ಟರ್ ಇದ್ದು ಆಳು ಸಿಗದವನಿಗೆ ನಾನೇ ಲೋಡರಿನ ಸ್ಪ್ಲಿಟರ್ ಹಾಕಿಸಿಕೊಡ್ತೀನಿ. ನಿಮಗಲ್ಲ.

ಮಾವ: ಪಿಟಿಓದ್ದಕ್ಕೆ ಲೆಕ್ಕ ಹಾಕು ಹಾಗಾದ್ರೆ. 100 ಮಿಲಿಮೀಟರ್ ಸಿಲಿಂಡರ್, ನಿಮಿಷಕ್ಕೆ 40 ಲೀಟರಿನ ಪಂಪು. ಖೇಣಿಗೆ ಕೊಟ್ಟ ಮೂರು ಮನೆಯವರ ಹತ್ತಿರ ಮಾತಾಡ್ತೀನಿ, ಖರ್ಚು ನಾಲ್ಕು ಪಾಲು. ಲಿವರ್ ಒಂದೇ ಇರಲಿ, ಅದೂ ತುಂಡು ಇಡುವವನ ಕೈಗೆ ಸಿಗುವ ಕಡೆ.